ಟೈಲಿನ ಹಿಂದೆ ಏನಿದೆ?

(ನಮ್ಮ ವೇದಿಕೆಯ ವಾರ್ಷಿಕ ಸಮಾವೇಶದಲ್ಲಿ ಆಡಿದ ಮಾತು. ಪತ್ರಿಕೆಗಾಗಿ ಆಮೇಲೆ ಕೂತು ಬರೆದುಕೊಟ್ಟಿದ್ದೇನೆ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)



ನನಗೆ ಮೈಕ್ ಹಿಡಿದು ಅಭ್ಯಾಸ ಇಲ್ಲ, ಮೈಕಿಗೆ ಕನೆಕ್ಷನ್ ಕೊಟ್ಟು ಅಭ್ಯಾಸ. ಊರಲ್ಲಿ ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಸೀರಿಯಲ್ ಸೆಟ್ಟು ಕಟ್ಟಿ, ಆಂಪ್ಲಿಫೈಯರ್ ಪಕ್ಕದಲ್ಲಿ ಕೂತು, ಭಾಷಣ ಯಾವಾಗ ಮುಗಿಯುತ್ತಪ್ಪಾ ಅಂತ ಕಾಯುತ್ತಿದ್ದವನು ನಾನು. ಈ ಸಲ ನಮ್ಮ ಕಾರ್ಯದರ್ಶಿಗಳು "ನಿನ್ನ ಕೆಲಸದ ಬಗ್ಗೆ ಮಾತಾಡಪ್ಪ" ಅಂದರು. "ಸಾರ್, ನನ್ನ ಕೆಲಸ ಹಳೇ ಮನೆಗಳ ಬಾತ್‌ರೂಮ್ ರಿಪೇರಿ. ಊಟಕ್ಕೆ ಮುಂಚೆ ಅದನ್ನು ಹೇಗೆ ಮಾತಾಡೋದು?" ಅಂದೆ. "ಊಟ ಆದಮೇಲೆ ಎಲ್ಲರೂ ನಿದ್ದೆ ಮಾಡ್ತಾರೆ, ಮುಂಚೇನೇ ಮಾತಾಡು" ಅಂದರು. ಹಾಗಾಗಿ ಕ್ಷಮಿಸಿ.

ಇಲ್ಲಿ ಟ್ಯಾಕ್ಸಿ ಓಡಿಸೋರಿದ್ದೀರಿ, ಹೋಟೆಲ್ ಅಡುಗೆಯವರಿದ್ದೀರಿ, ವಯಸ್ಸಾದವರನ್ನು ನೋಡಿಕೊಳ್ಳೋರಿದ್ದೀರಿ, ಅಂಗಡೀಲಿ ನಿಲ್ಲೋರಿದ್ದೀರಿ. ಕೆಲಸ ಬೇರೆ ಬೇರೆ, ಆದರೆ ಬಾಡಿಗೆಗೆ ಸಿಗೋದು ಎಲ್ಲರಿಗೂ ಹಳೇ ಮನೇನೇ. ಅದಕ್ಕೇ ಈ ಮಾತು ಎಲ್ಲರಿಗೂ ಸೇರಿದ್ದು ಅಂದುಕೊಂಡು ಬಂದಿದ್ದೇನೆ.

ನಮ್ಮ ಬಚ್ಚಲು

ನಮ್ಮೂರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆ ಬಚ್ಚಲಲ್ಲಿ ಒಲೆಯ ಮೇಲೆ ಒಂದು ತಾಮ್ರದ ಹಂಡೆ, ಕೆಳಗೆ ಉರಿಯೋಕೆ ತೆಂಗಿನ ಮಟ್ಟೆ, ಕರಟ. ಚಪ್ಪಡಿ ಕಲ್ಲಿನ ಮೇಲೆ ಕೂತು ಚೊಂಬಲ್ಲಿ ನೀರು ಹುಯ್ದುಕೊಂಡರೆ ಆ ನೀರು ಸೀದಾ ಹಿತ್ತಲಿನ ಬಾಳೆಗಿಡಕ್ಕೆ. ಆ ಬಚ್ಚಲಲ್ಲಿ ಕರೆಂಟಿಗೆ ಏನೂ ಕೆಲಸ ಇರಲಿಲ್ಲ.

ಆಮೇಲೆ ನೀರು ಕಾಯಿಸೋ ರಾಡು ಬಂತು. ನಮ್ಮ ಬೀದಿಯ ಒಬ್ಬ ತಾಯಿ, ನಾನು ಚಿಕ್ಕಮ್ಮ ಅಂತ ಕರೀತಿದ್ದೆ, ಒಂದು ಬೆಳಗ್ಗೆ ನೀರು ಕಾದಿದೆಯಾ ನೋಡೋಣ ಅಂತ ರಾಡು ಹಾಕಿದ್ದ ಬಕೆಟ್ಟಿಗೆ ಬೆರಳು ಅದ್ದಿದರು. ಸ್ವಿಚ್ಚು ಆರಿಸಿರಲಿಲ್ಲ. ಮನೆಗೆ ಸರಿಯಾದ ಅರ್ಥಿಂಗೂ ಇರಲಿಲ್ಲ. ಅಷ್ಟೇ, ಹೋಗಿಬಿಟ್ಟರು. ಮುಂದಿನ ವರ್ಷ ನಾನು ತುಮಕೂರಿನ ಸರ್ಕಾರಿ ಐಟಿಐಗೆ ಅರ್ಜಿ ಹಾಕುವಾಗ ಫಿಟ್ಟರ್ ಟ್ರೇಡಿನ ಬದಲು ಎಲೆಕ್ಟ್ರಿಷಿಯನ್ ಅಂತ ಬರೆದೆ. ಎರಡು ವರ್ಷದ ಕೋರ್ಸು. ಮುಗಿಸಿ ಪೀಣ್ಯದ ಫ್ಯಾಕ್ಟರಿಗಳಲ್ಲಿ ಪ್ಯಾನೆಲ್ ವೈರಿಂಗ್ ಮಾಡಿದೆ, ನಾಲ್ಕು ವರ್ಷ ದುಬೈನಲ್ಲಿದ್ದೆ. ನನ್ನ ಹೆಂಡತಿ ನರ್ಸು. ಅವಳ ವೀಸಾದ ಸೆರಗು ಹಿಡಿದುಕೊಂಡು ಇಲ್ಲಿಗೆ ಬಂದವನು ನಾನು. ಈಗ ವಾರದಲ್ಲಿ ಮೂರು ದಿನ ಲಾಸ್ ಏಂಜಲೀಸ್, ಎರಡು ದಿನ ಸ್ಯಾನ್ ಡಿಯೇಗೋ. ನಡುವೆ ಐ-5 ರಸ್ತೆಯಲ್ಲಿ 120 ಮೈಲಿ. ಟ್ರಾಫಿಕ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ಇಲ್ಲಿನ ಹಳೇ ಮನೆ

ಹಳೇ ಮನೆ ಅಂದರೆ ಇಲ್ಲಿ ನೂರು ವರ್ಷ. ನಮ್ಮಲ್ಲಿ ನೂರು ವರ್ಷದ ಮನೆಯನ್ನು "ತಾತ ಕಟ್ಟಿಸಿದ್ದು" ಅಂತೀವಿ, ಇವರು ಅದಕ್ಕೆ ಬೋರ್ಡು ಹಾಕಿ ಕಾಪಾಡುತ್ತಾರೆ. ಪಸಾಡಿನಾದಲ್ಲಿ ಬಂಗಲೋ ಹೆವನ್ ಅಂತ ಒಂದು ಪೂರ್ತಿ ಬಡಾವಣೆಯನ್ನೇ ಹಾಗೆ ಕಾಪಾಡಿದ್ದಾರೆ. ಲಾಸ್ ಏಂಜಲೀಸ್‌ನ ಹೈಲ್ಯಾಂಡ್ ಪಾರ್ಕ್, ವೆಸ್ಟ್ ಆಡಮ್ಸ್, ಸ್ಯಾನ್ ಡಿಯೇಗೋದ ನಾರ್ತ್ ಪಾರ್ಕ್, ಸೌತ್ ಪಾರ್ಕ್, ಕೆನ್ಸಿಂಗ್ಟನ್, ಇಲ್ಲೆಲ್ಲ ಟ್ರಾಮ್ ಓಡುತ್ತಿದ್ದ ಕಾಲದ ಮರದ ಮನೆಗಳು. ಸ್ಯಾನ್ ಡಿಯೇಗೋದ ಬಾಲ್ಬೋವಾ ಪಾರ್ಕಿನಲ್ಲಿ 1915ರಲ್ಲಿ ದೊಡ್ಡ ವಸ್ತುಪ್ರದರ್ಶನ ನಡೀತು. ಅದಾದ ಮೇಲೆ ಕೆಂಪು ಹೆಂಚಿನ, ಬಿಳಿ ಗೋಡೆಯ ಸ್ಪ್ಯಾನಿಷ್ ಮಾದರಿ ಮನೆಗಳ ಹುಚ್ಚು ಹತ್ತಿತು. ಹೊರಗಿಂದ ನೋಡಿದರೆ ನಮ್ಮ ಮಂಗಳೂರು ಹೆಂಚಿನ ಮನೆ ನೆನಪಾಗುತ್ತೆ.

ಬಾತ್‌ರೂಮಿನ ಬಾಗಿಲು ತೆಗೆದ ತಕ್ಷಣ ಅದರ ವಯಸ್ಸು ಹೇಳಬಹುದು. ನೆಲದಲ್ಲಿ ಚಿಕ್ಕ ಚಿಕ್ಕ ಆರು ಮೂಲೆಯ ಬಿಳಿ ಬಿಲ್ಲೆ, ನಾಲ್ಕು ಕಾಲಿನ ಕಬ್ಬಿಣದ ತೊಟ್ಟಿ ಇದ್ದರೆ ಅದು ಮೊದಲ ಕಾಲ. ಹಸಿರು-ಕಪ್ಪು, ನೇರಳೆ-ಹಳದಿ ಅಂತ ಯಕ್ಷಗಾನದ ವೇಷದ ಹಾಗೆ ಬಣ್ಣ ಇದ್ದರೆ 1920-30ರ ದಶಕ. ಪೂರ್ತಿ ಗುಲಾಬಿ ಇದ್ದರೆ 1950ರ ದಶಕ. ಕಮೋಡು ಯಾವಾಗಿನದು ಅಂತ ತಿಳಿಯಬೇಕಾದರೆ ಟ್ಯಾಂಕಿನ ಮುಚ್ಚಳ ಎತ್ತಿ ಒಳಗೆ ನೋಡಿ, ಬಹಳಷ್ಟರಲ್ಲಿ ಪಿಂಗಾಣಿಯ ಮೇಲೆ ತಾರೀಖು ಒತ್ತಿರುತ್ತಾರೆ. ಹಳೇ ಕಮೋಡು ಒಂದು ಸಲಕ್ಕೆ 13ರಿಂದ 19 ಲೀಟರ್ ನೀರು ಕುಡಿಯುತ್ತೆ. ಈಗ ಕ್ಯಾಲಿಫೋರ್ನಿಯಾದಲ್ಲಿ ಮಾರೋದು 4.8 ಲೀಟರಿನದು. 1994ಕ್ಕೆ ಮುಂಚೆ ಕಟ್ಟಿದ ಮನೆಯಲ್ಲಿ ಪರ್ಮಿಟ್ ತಗೊಂಡು ರಿಪೇರಿ ಮಾಡಿಸಿದರೆ ನೀರು ಪೋಲು ಮಾಡೋ ಹಳೇ ಕಮೋಡು, ಶವರು, ನಲ್ಲಿಗಳನ್ನು ಬದಲಾಯಿಸಲೇಬೇಕು. 2014ರಿಂದ ಇದು ಕಾನೂನು.

ಇದೆಲ್ಲ ಕಣ್ಣಿಗೆ ಕಾಣೋದು. ನಮ್ಮ ಕೂಲಿ ಇರೋದು ಕಾಣದೇ ಇರೋದರಲ್ಲಿ.

ಗೋಡೆ ಒಡೆದಾಗ

ಮೊದಲ ಸಲ ಹಳೇ ಕನ್ನಡಿ ಪೆಟ್ಟಿಗೆ ಕಿತ್ತಾಗ ಗೋಡೆಯೊಳಗಿಂದ ಸರಸರ ಅಂತ ತುಕ್ಕು ಹಿಡಿದ ಬ್ಲೇಡುಗಳು ಸುರಿದವು, ನೂರಾರು. ಮಾಟ-ಮಂತ್ರ ಏನೋ ಅಂತ ಹಿಂದಕ್ಕೆ ಹಾರಿದೆ. ಜೊತೆಗಿದ್ದ ಪ್ಲಂಬರ್ ಬಿದ್ದು ಬಿದ್ದು ನಕ್ಕ. ಆ ಕಾಲದಲ್ಲಿ ಕನ್ನಡಿ ಪೆಟ್ಟಿಗೆಯ ಬೆನ್ನಲ್ಲಿ ಒಂದು ಸೀಳು ಇಡುತ್ತಿದ್ದರಂತೆ. ಗಡ್ಡ ಹೆರೆದ ಬ್ಲೇಡನ್ನು ಅದರಲ್ಲಿ ತೂರಿದರೆ ಗೋಡೆಯೊಳಗೆ ಬೀಳುತ್ತೆ. ಮುಂದೆ ಯಾರು ತೆಗೀತಾರೆ? ನಾವು ತೆಗೀತೀವಿ. ತೊಂಬತ್ತು ವರ್ಷ ಆದಮೇಲೆ, ಕೈಗವಸು ಹಾಕಿಕೊಂಡು.

ಈ ಕೆಲಸದ ತಾತ್ಪರ್ಯವೇ ಅದು. ಗೋಡೆಯೊಳಗೆ ಹಾಕಿ ಮುಚ್ಚಿದ್ದು ಎಲ್ಲೂ ಹೋಗೋದಿಲ್ಲ, ಇನ್ನೊಬ್ಬರ ಕೈಗೆ ಕಾದುಕೊಂಡು ಕೂತಿರುತ್ತೆ.

ಹಳೇ ಟೈಲನ್ನು ಅಂಟು ಹಾಕಿ ಕೂರಿಸಿಲ್ಲ. ಮರದ ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಒಂದೂವರೆ ಇಂಚು ಗಾರೆ, ಅದರ ಮೇಲೆ ಟೈಲು. ಒಡೆಯೋಕೆ ಹೋದರೆ ಸುತ್ತಿಗೆ ವಾಪಸ್ ಚಿಮ್ಮುತ್ತೆ. ಜಾಲರಿಯ ತುದಿ ಬ್ಲೇಡಿಗಿಂತ ಕೆಟ್ಟದ್ದು. ಉಳಿದ ಗೋಡೆಗಳಲ್ಲಿ ಮರದ ರೀಪು ಬಡಿದು ಗಾರೆ ಮೆತ್ತಿರುತ್ತಾರೆ. ಕಮೋಡು ಎತ್ತಿದರೆ ಕೆಳಗಿನ ಮರ ಎಷ್ಟೋ ಕಡೆ ಒದ್ದೆ ಅವಲಕ್ಕಿಯ ಹಾಗೆ ಕೈಗೆ ಬರುತ್ತೆ. ಜಿಂಕ್ ಲೇಪದ ಕಬ್ಬಿಣದ ಪೈಪು ಕತ್ತರಿಸಿ ನೋಡಿದರೆ ಒಳಗೆಲ್ಲ ತುಕ್ಕು ತುಂಬಿ, ಪೆನ್ಸಿಲ್ ತೂರಿಸೋ ಅಷ್ಟು ಮಾತ್ರ ಜಾಗ. "ಶವರಲ್ಲಿ ನೀರು ಜೋರಾಗಿ ಬರಲ್ಲ" ಅಂತ ದೂರೋರಿಗೆ ಆ ತುಂಡನ್ನೇ ತೋರಿಸೋದು.

ಇಲ್ಲಿ ಎರಡು ಎಚ್ಚರಿಕೆ. ಮನೆಗೆ ಬಳಿಯೋ ಸೀಸದ ಬಣ್ಣವನ್ನು ಈ ದೇಶದಲ್ಲಿ ನಿಷೇಧ ಮಾಡಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯ ಬಣ್ಣ ಕೆರೆಯುವಾಗ ಏಳೋ ಧೂಳು ಮಕ್ಕಳ ತಲೆಗೆ ವಿಷ. ಒಂದು ಕೋಣೆಯಲ್ಲಿ ಆರು ಚದರ ಅಡಿಗಿಂತ ಹೆಚ್ಚು ಹಳೇ ಬಣ್ಣ ಕದಲಿಸೋ ಗುತ್ತಿಗೆದಾರರು ತರಬೇತಿ ಪಡೆದು, ಪ್ಲಾಸ್ಟಿಕ್ ಕಟ್ಟಿ ಕೆಲಸ ಮಾಡಬೇಕು ಅಂತ 2010ರಿಂದ ಕೇಂದ್ರ ಸರ್ಕಾರದ ನಿಯಮ ಇದೆ. ಎರಡನೆಯದು ಕಲ್ನಾರು. ಹಳೇ ವಿನೈಲ್ ನೆಲಹಾಸು, ಅದರ ಕೆಳಗಿನ ಕಪ್ಪು ಅಂಟು, ಬಿಸಿನೀರಿನ ಪೈಪಿಗೆ ಸುತ್ತಿದ ಬಿಳಿ ಪಟ್ಟಿ, ಇದರಲ್ಲೆಲ್ಲ ಇರಬಹುದು. ಮುರಿದು ಪರೀಕ್ಷೆ ಮಾಡಬೇಡಿ, ಚೂರನ್ನು ಲ್ಯಾಬಿಗೆ ಕಳಿಸಿದರೆ ಅವರು ಹೇಳ್ತಾರೆ. "ಏನೂ ಆಗಲ್ಲ, ಒಡಿ" ಅಂತ ಮೇಸ್ತ್ರಿ ಅಂದರೆ, ಆ ಧೂಳು ಹೋಗೋದು ನಿಮ್ಮ ಶ್ವಾಸಕೋಶಕ್ಕೆ, ಆಮೇಲೆ ನಿಮ್ಮ ಬಟ್ಟೆಯಿಂದ ನಿಮ್ಮ ಮಗುವಿಗೆ. ಇದನ್ನು ನೆನಪಲ್ಲಿಡಿ.

ಕಪ್ಪು ತಂತಿ

ಈಗ ನನ್ನ ಕಸುಬಿಗೆ ಬರ್ತೀನಿ. ಐಟಿಐಯಲ್ಲಿ ನಮ್ಮ ಇನ್‌ಸ್ಟ್ರಕ್ಟರ್ ಮೊದಲನೇ ವಾರ ಕಲಿಸಿದ್ದು ಬಣ್ಣ. ಕೆಂಪು, ಹಳದಿ, ನೀಲಿ ಅಂದರೆ ಫೇಸು. ಕಪ್ಪು ಅಂದರೆ ನ್ಯೂಟ್ರಲ್. ಹಸಿರು ಅರ್ಥು. ಹತ್ತು ವರ್ಷ ಅದೇ ಬಣ್ಣದಲ್ಲಿ ದುಡಿದ ಮೇಲೆ ಅದು ತಲೆಯಲ್ಲಿ ಇರೋದಿಲ್ಲ, ಬೆರಳಲ್ಲಿ ಇರುತ್ತೆ.

ಅಮೆರಿಕದಲ್ಲಿ ಕಪ್ಪು ಅಂದರೆ ಫೇಸು. ಬಿಳಿ ನ್ಯೂಟ್ರಲ್. ಸ್ವಿಚ್ಚೂ ಉಲ್ಟಾ, ಮೇಲಕ್ಕೆ ಒತ್ತಿದರೆ ಹತ್ತುತ್ತೆ.

ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಬಂದ ಮೊದಲ ತಿಂಗಳೇ ಓದಿ ಬಾಯಿಪಾಠ ಮಾಡಿದ್ದೆ. ನಾರ್ತ್ ಪಾರ್ಕಿನ ಒಂದು ಹಳೇ ಮನೆ. ಬಾತ್‌ರೂಮಿನ ಬ್ರೇಕರ್ ಇಳಿಸಿದೆ, ದೀಪ ಆರಿತು, ಟೆಸ್ಟರ್ ಹಿಡಿದೆ, ಸತ್ತಿದೆ. ಸ್ವಿಚ್ ಬಾಕ್ಸಿನೊಳಗೆ ಇನ್ನೂ ಒಂದು ಜೊತೆ ತಂತಿ ಹಾದುಹೋಗಿತ್ತು. ಯಾವುದೋ ಕಾಲದಲ್ಲಿ ಯಾರೋ ಹಿಂದಿನ ಕೋಣೆಗೆ ಎಳೆದದ್ದು, ಬೇರೆ ಬ್ರೇಕರಿನದು. ಅದನ್ನು ಪರೀಕ್ಷೆ ಮಾಡಲಿಲ್ಲ. ಹೊತ್ತಾಗಿತ್ತು. ಕಣ್ಣಿಗೆ ಕಪ್ಪು ಕಾಣಿಸಿತು, ಬೆರಳು ತನ್ನಷ್ಟಕ್ಕೆ "ನ್ಯೂಟ್ರಲ್" ಅಂದುಕೊಂಡು ಹಿಡಿಯಿತು. ಎಡ ಮೊಣಕೈ ಕಬ್ಬಿಣದ ತೊಟ್ಟಿಯ ಅಂಚಿಗೆ ಒರಗಿತ್ತು.

ಕೈಯಿಂದ ಕೈಗೆ, ಎದೆ ಮೇಲೆ ಹಾದು ಹೋಯಿತು. 120 ವೋಲ್ಟು, ನಮ್ಮ 230ರ ಅರ್ಧ, ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೀನೋ ಏನೋ. ಅಥವಾ ತೊಟ್ಟಿ ಒಣಗಿತ್ತು ಅಂತಲೋ. ಎಗರಿ ಹಿಂದಕ್ಕೆ ಬಿದ್ದೆ. ಮೆಕ್ಸಿಕೋದ ಪ್ಲಂಬರ್ ಓಡಿ ಹೋಗಿ ಮೇನ್ ಇಳಿಸಿ ಬಂದು, ಪಕ್ಕದಲ್ಲಿ ಕೂತು ನೀರು ಕೊಟ್ಟು, "ಡೆಸ್ಪಾಸಿಯೋ, ಅಮೀಗೋ, ಡೆಸ್ಪಾಸಿಯೋ" ಅಂದ. ನಿಧಾನಕ್ಕೆ ಗೆಳೆಯ, ನಿಧಾನಕ್ಕೆ. ನಾನು ಸ್ಪ್ಯಾನಿಷ್‌ನಲ್ಲಿ ಮೊದಲು ಕಲಿತ ಮಾತು ಅದು. ಅವತ್ತಿಂದ ಬಣ್ಣ ನಂಬೋದು ಬಿಟ್ಟೆ, ಮೀಟರ್ ನಂಬ್ತೀನಿ. ಬಾಕ್ಸಿನಲ್ಲಿ ಎಷ್ಟು ತಂತಿ ಇದೆಯೋ ಅಷ್ಟನ್ನೂ ಒಂದೊಂದಾಗಿ.

ತುಂಬಾ ಹಳೇ ಮನೆಗಳಲ್ಲಂತೂ ಬಣ್ಣವೇ ಇರೋದಿಲ್ಲ. 1930ರ ದಶಕದ ಹೊತ್ತಿನವರೆಗೂ ಹಾಕುತ್ತಿದ್ದ ವೈರಿಂಗ್‌ನಲ್ಲಿ ಫೇಸು ಒಂದು ದಾರಿ, ನ್ಯೂಟ್ರಲ್ ಇನ್ನೊಂದು ದಾರಿ, ಪಿಂಗಾಣಿ ಗುಂಡಿಗಳ ಮೇಲೆ ಕೂತು ಹೋಗುತ್ತವೆ. ಮರ ದಾಟಬೇಕಾದ ಕಡೆ ಪಿಂಗಾಣಿ ಕೊಳವೆ. ನಾಬ್ ಅಂಡ್ ಟ್ಯೂಬ್ ಅಂತಾರೆ. ಐಟಿಐಯಲ್ಲಿ ನಾವು ಮಾಡಿದ ಕ್ಲೀಟ್ ವೈರಿಂಗಿನ ಅಣ್ಣ ಅಂದುಕೊಳ್ಳಿ. ಅವರ ಜಾಯಿಂಟುಗಳನ್ನು ನೋಡಿದರೆ ಕೈ ಮುಗೀಬೇಕು, ಸುತ್ತಿ, ಬೆಸುಗೆ ಹಾಕಿ, ಟೇಪು ಕಟ್ಟಿರುತ್ತಾರೆ. ಆದರೆ ಅರ್ಥ್ ತಂತಿ ಇಲ್ಲ. ಇದರ ಮೇಲಿನ ರಬ್ಬರು ನೂರು ವರ್ಷಕ್ಕೆ ಹಪ್ಪಳದ ಹಾಗೆ ಪುಡಿಯಾಗುತ್ತೆ. ಈಗಿನವರು ಚಳಿಗೆ ಅಂತ ಗೋಡೆಯೊಳಗೆ ಹತ್ತಿಯಂಥದ್ದನ್ನು ತುಂಬಿದರೆ ತಂತಿಯ ಶಾಖ ಹೊರಗೆ ಹೋಗೋಕೆ ದಾರಿ ಇಲ್ಲ.

ಅದರ ಮೇಲೆ ಇವತ್ತಿನ ಹೇರ್ ಡ್ರೈಯರ್. 1875 ವ್ಯಾಟ್ ಅಂತ ಬರೆದಿರುತ್ತೆ. ನಮ್ಮ 230 ವೋಲ್ಟಿಗೆ ಅದು ಎಂಟು ಆಂಪಿಯರ್. ಇಲ್ಲಿನ 120 ವೋಲ್ಟಿಗೆ ಹದಿನೈದೂವರೆ ಮೇಲೆ. ಹಳೇ ಲೈನು ತಡೆಯೋದೇ 15. ಅದಕ್ಕೇ ಈಗಿನ ನಿಯಮದಲ್ಲಿ ಬಾತ್‌ರೂಮಿನ ಸಾಕೆಟ್ಟಿಗೆ 20 ಆಂಪಿಯರಿನ ಪ್ರತ್ಯೇಕ ಲೈನು, 12 ಗೇಜ್ ತಾಮ್ರ. ನಮ್ಮ ಲೆಕ್ಕದಲ್ಲಿ 3.3 ಚದರ ಮಿಲಿಮೀಟರ್, ಎರಡೂವರೆಗೂ ನಾಲ್ಕಕ್ಕೂ ನಡುವೆ.

ಇನ್ನೊಂದು ಬಟನ್ ಇರೋ ಸಾಕೆಟ್ಟು, ಜಿಎಫ್‌ಸಿಐ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಇದು ಲೆಕ್ಕ ನೋಡುತ್ತೆ. ಐದು ಮಿಲಿ ಆಂಪಿಯರ್ ಸುಮಾರಿಗೆ ಕಡಿಮೆ ಬಂತು ಅಂದರೆ, ಅಷ್ಟು ಯಾರದೋ ಮೈಮೇಲೆ ಹರಿಯುತ್ತಿರಬಹುದು ಅಂತ ಕಣ್ಣು ಮಿಟುಕಿಸೋದರೊಳಗೆ ಕಟ್ ಮಾಡುತ್ತೆ. ನಮ್ಮಲ್ಲಿ ಮನೆಗಳಿಗೆ ಹಾಕೋ ಆರ್‌ಸಿಸಿಬಿ 30 ಮಿಲಿ ಆಂಪಿಯರಿನದು. ಇದನ್ನು 1961ರಲ್ಲಿ ಕಂಡುಹಿಡಿದವರು ಇದೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್. 1975ರ ಕೋಡಿನಿಂದ ಬಾತ್‌ರೂಮಿಗೆ ಕಡ್ಡಾಯ. ಅರ್ಥ್ ತಂತಿ ಇಲ್ಲದ ಹಳೇ ಲೈನಿಗೂ ಇದನ್ನು ಹಾಕಬಹುದು, "ಅರ್ಥ್ ಇಲ್ಲ" ಅಂತ ಚೀಟಿ ಅಂಟಿಸಬೇಕು ಅಷ್ಟೇ. ಇದನ್ನು ಹಾಕುವಾಗೆಲ್ಲ ನಮ್ಮ ಚಿಕ್ಕಮ್ಮನ ನೆನಪು ಬರುತ್ತೆ.

ಪ್ಲಂಬರ್ ಗೆಳೆಯರಿದ್ದರೆ ಒಂದು ಮಾತು. ಊರಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಮಾಡ್ತೀವಿ. ಇಲ್ಲಿನ ಎಷ್ಟೋ ಹಳೇ ಮನೆಗಳಿಗೆ ನೀರಿನ ಕಬ್ಬಿಣದ ಪೈಪೇ ಅರ್ಥಿಂಗು. ನೀವು ತುಕ್ಕು ಹಿಡಿದ ಪೈಪು ತೆಗೆದು ಪ್ಲಾಸ್ಟಿಕ್ ಹಾಕಿದ ದಿನ ಆ ಮನೆಯ ಅರ್ಥ್ ಹೋಯಿತು, ಯಾರಿಗೂ ಗೊತ್ತಾಗೋದಿಲ್ಲ. ಕತ್ತರಿಸೋ ಮುಂಚೆ ಎಲೆಕ್ಟ್ರಿಷಿಯನ್‌ಗೆ ಒಂದು ಫೋನ್ ಮಾಡಿ. ನೆಲಕ್ಕೆ ಎಂಟಡಿ ರಾಡು ಹೊಡೆದು ಬೇರೆ ಅರ್ಥಿಂಗ್ ಮಾಡಿಕೊಡ್ತೀವಿ.

ಬಚ್ಚಲಲ್ಲ, ಬಾತ್‌ರೂಮು

ನಮ್ಮವರ ಮನೆಗಳಿಗೂ ಹೋಗ್ತೀನಿ. ಒಂದು ಮನೆಯಲ್ಲಿ ಊಟದ ಕೋಣೆಯ ಮೇಲ್ಚಾವಣಿಯಲ್ಲಿ ಕಂದು ಕಲೆ. ಪೈಪ್ ಸೋರ್ತಿದೆ ಅಂತ ಕರೆಸಿದ್ದರು. ಎಲ್ಲ ಬಿಚ್ಚಿ ನೋಡಿದೆವು, ಎಲ್ಲೂ ಸೋರಿಕೆ ಇಲ್ಲ. ಕೊನೆಗೆ ಕೇಳಿದೆ, "ಅಮ್ಮ, ಊರಿಂದ ಯಾರಾದರೂ ಬಂದಿದ್ದಾರಾ?" ಹಾಸನದಿಂದ ಅತ್ತೆ-ಮಾವ ಬಂದು ಎರಡು ತಿಂಗಳಾಗಿತ್ತು. ತೊಟ್ಟಿಯೊಳಗೆ ಕಾಲು ಎತ್ತಿಡೋಕೆ ಭಯ, ಪಾಪ, ಹೊರಗೆ ಸ್ಟೂಲ್ ಹಾಕಿಕೊಂಡು ಬಕೆಟ್ಟಲ್ಲಿ ಸ್ನಾನ ಮಾಡ್ತಿದ್ದರು. ನಮ್ಮ ಬಚ್ಚಲಿಗೆ ಇಳಿಜಾರು ಇದೆ, ನೀರು ಹೋಗೋಕೆ ತೂತು ಇದೆ. ಇಲ್ಲಿನ ಬಾತ್‌ರೂಮಿನ ನೆಲ ಮರದ ಮೇಲೆ ಕೂತಿದೆ, ತೂತಿಲ್ಲ. ಚೆಲ್ಲಿದ ನೀರೆಲ್ಲ ಕೆಳಗಿನ ಮನೆಗೆ.

ಹಿರಿಯರನ್ನು ಬೈಯಬೇಡಿ. ರಿಪೇರಿ ಮಾಡಿಸುವಾಗ ತೊಟ್ಟಿ ತೆಗೆಸಿ, ಹೊಸ್ತಿಲಿಲ್ಲದ ಶವರ್ ಜಾಗ ಮಾಡಿಸಿ, ಕೂರೋಕೆ ಒಂದು ಕಟ್ಟೆ ಇಡಿಸಿ. ಟೈಲು ಹಾಕೋ ಮುಂಚೆ ಕೆಳಗೆ ನೀರು ನಿಲ್ಲೋ ಪೊರೆ ಹಾಕಿ, ಒಂದು ದಿನ ನೀರು ತುಂಬಿಸಿಟ್ಟು ಇಳಿಯುತ್ತಾ ನೋಡಲಿ. ಗೋಡೆ ತೆರೆದಿದ್ದಾಗಲೇ ಕಂಬಗಳ ನಡುವೆ ಎರಡು ಅಡ್ಡ ಮರ ಬಡಿಸಿಕೊಂಡರೆ ಮುಂದೆ ಯಾವಾಗ ಬೇಕಾದರೂ ಹಿಡಿಕೆ ಹಾಕಬಹುದು. ಇವತ್ತು ಅದು ಕೆಲವೇ ಡಾಲರಿನ ಮರ. ಆಮೇಲೆ ಆದರೆ ಟೈಲು ಒಡೀಬೇಕು. ಕಮೋಡಿನ ಪಕ್ಕ ಒಂದು ಸಾಕೆಟ್ಟೂ ಇರಲಿ. ನಾವು ಪೈಪಿನ ಜೆಟ್ಟಲ್ಲೇ ತೃಪ್ತರು, ಆದರೆ ಬಿಸಿನೀರಿನ ಬಿಡೆ ಸೀಟಿಗೆ ಕರೆಂಟು ಬೇಕು. ಗಾಳಿ ಎಳೆಯೋ ಫ್ಯಾನಿನ ಕೊಳವೆ ಸೂರಿನ ಹೊರಗೆ ಹೋಗಿದೆಯಾ, ಅಟ್ಟದಲ್ಲೇ ನಿಂತಿದೆಯಾ, ಅದನ್ನೂ ಹತ್ತಿ ನೋಡಿಸಿ.

ನಾನು ಮುಚ್ಚಿದ ಜಾಯಿಂಟು

ಈಗ ಹೇಳೋದನ್ನು ಹೇಳಬೇಕೋ ಬೇಡವೋ ಅಂತ ನಿನ್ನೆ ರಾತ್ರಿವರೆಗೂ ಯೋಚನೆ ಮಾಡಿದೆ. ಹೆಂಡತಿ ಹೇಳಿದಳು, "ಅದನ್ನು ಹೇಳದೇ ಇದ್ದರೆ ಉಳಿದಿದ್ದು ಹೇಳಿ ಏನು ಪ್ರಯೋಜನ?"

ಹೈಲ್ಯಾಂಡ್ ಪಾರ್ಕಿನ ಒಂದು ಮನೆ. ಒಂಟಿ ಮುದುಕಿ, ಎಪ್ಪತ್ತರ ಮೇಲೆ. ನಾನು ಆಗ ಒಬ್ಬ ಕಾಂಟ್ರಾಕ್ಟರ್ ಕೈಕೆಳಗೆ ಇದ್ದೆ. ಆ ಕೆಲಸಕ್ಕೆ ಅವನು ಪರ್ಮಿಟ್ಟೇ ತಗೊಂಡಿರಲಿಲ್ಲ. ಶುಕ್ರವಾರ ಮಧ್ಯಾಹ್ನ, ಟೈಲಿನವರು ಬಂದು ಹೊರಗೆ ಕಾಯ್ತಿದ್ದಾರೆ. ನನ್ನ ಹೊಸ ಕೇಬಲ್ಲು ಹಳೇ ನಾಬ್ ಅಂಡ್ ಟ್ಯೂಬಿನ ತಂತಿಗೆ ಗೋಡೆಯೊಳಗೆ ಸೇರಬೇಕು. ಅಂಥ ಜಾಯಿಂಟು ಬಾಕ್ಸಿನೊಳಗೇ ಇರಬೇಕು, ಆ ಬಾಕ್ಸು ಗೋಡೆ ಒಡೆಯದೇ ಕೈಗೆ ಸಿಗೋ ಜಾಗದಲ್ಲಿರಬೇಕು. ಇಲ್ಲಿ ಬಾಕ್ಸೂ ಇಲ್ಲ, ಜಾಗವೂ ಇಲ್ಲ. "ಪ್ಯಾನೆಲ್‌ನಿಂದ ಹೊಸ ಲೈನ್ ಎಳೀಬೇಕು, ಒಂದು ದಿನ ಬೇಕು" ಅಂದೆ. ಅವನು ಅಂದ, "ಟೇಪು ಸುತ್ತಿ ಮುಚ್ಚು. ಟೈಲು ಬಿದ್ದಮೇಲೆ ಯಾರು ನೋಡ್ತಾರೆ?"

ಮುಚ್ಚಿದೆ. ನಾನೇ, ಈ ಕೈಯಲ್ಲೇ. ಆ ತಿಂಗಳ ಬಾಡಿಗೆ ಕಟ್ಟಿರಲಿಲ್ಲ.

ಸಾಮಾನು ತುಂಬಿಕೊಂಡು ಹೊರಡುವಾಗ ಆ ಅಜ್ಜಿ ಬಂದು ಎಲ್ಲರಿಗೂ ನಿಂಬೆ ಶರಬತ್ತು ಕೊಟ್ಟರು. ಗುತ್ತಿಗೆದಾರನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು. "ಎಲ್ಲ ಸರಿಯಾಗಿದೆಯಾ?" ನಾನು "ಎಸ್ ಮ್ಯಾಮ್" ಅಂದೆ.

ಹನ್ನೊಂದು ದಿನ ನಿದ್ದೆ ಬರಲಿಲ್ಲ. ಎದ್ದು ಕೂತರೆ ಹೆಂಡತಿ ಏನು ಅಂತ ಕೇಳೋಳು, ಏನಿಲ್ಲ ಅನ್ನೋನು. ಕೊನೆಗೆ ಹೇಳಿದೆ. ಅವಳು ಬೈಯಲಿಲ್ಲ. "ಆ ಮನೇಲಿ ನಿಮ್ಮ ಚಿಕ್ಕಮ್ಮ ಇದ್ದಿದ್ದರೆ?" ಅಂದಳು, ಅಷ್ಟೇ.

ಹನ್ನೆರಡನೇ ದಿನ ಒಬ್ಬ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಹತ್ತಿರ ಹೋಗಿ ಎಲ್ಲ ಹೇಳಿ, ಅವರನ್ನು ಕರ್ಕೊಂಡು ಅಜ್ಜಿ ಮನೆ ಬಾಗಿಲು ತಟ್ಟಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಾಗಾದರೆ ಅವತ್ತು ಯಾಕೆ ಹೌದು ಅಂದೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಹೊಸ ಟೈಲು ಒಡೆಯಲಿಲ್ಲ. ಬಾತ್‌ರೂಮಿನ ಆ ಗೋಡೆಯ ಹಿಂಬದಿ ಬಟ್ಟೆ ಇಡೋ ಗೂಡು ಇತ್ತು. ಆ ಕಡೆಯಿಂದ ಗಾರೆ ಕತ್ತರಿಸಿ, ಪರ್ಮಿಟ್ ತಗೊಂಡು, ಪ್ಯಾನೆಲ್‌ನಿಂದ ಹೊಸ 20 ಆಂಪಿಯರ್ ಲೈನು ಎಳೆದು, ಹಳೇ ತಂತಿಯ ಕರೆಂಟು ಶಾಶ್ವತವಾಗಿ ತೆಗೆದೆವು. ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿದ ಮೇಲೆ ಗೂಡು ಮುಚ್ಚಿದೆವು. ಸಾಮಾನಿನ ದುಡ್ಡು ನಾನು ಕೊಟ್ಟೆ. ನಾನು ಸುತ್ತಿದ್ದ ಜಾಯಿಂಟು ಬಿಚ್ಚಿ ನೋಡಿದೆ. ಸುಟ್ಟಿರಲಿಲ್ಲ, ಚೆನ್ನಾಗೇ ಇತ್ತು. ಬಹುಶಃ ಇನ್ನೂ ಹತ್ತು ವರ್ಷ ಚೆನ್ನಾಗೇ ಇರ್ತಿತ್ತು. ಹನ್ನೊಂದನೇ ವರ್ಷದ ಮಾತು ಯಾರಿಗೆ ಗೊತ್ತು?

ಹಳೇ ಮೇಸ್ತ್ರಿ ವಿಷಯ ತಿಳಿದು ನನ್ನನ್ನು ತೆಗೆದ, ಎರಡು ವಾರದ ಸಂಬಳವನ್ನೂ ತಡೆದ.

ನಮಗೆ ಗೊತ್ತಿರಬೇಕಾದ್ದು

ಆ ಸಂಬಳದಿಂದಲೇ ಶುರು ಮಾಡ್ತೀನಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಿಂದ ತೆಗೆದ ದಿನವೇ ಬಾಕಿ ಸಂಬಳ ಪೂರ್ತಿ ಕೊಡಬೇಕು. ಹೇಳದೇ ಕೆಲಸ ಬಿಟ್ಟರೆ 72 ಗಂಟೆಯೊಳಗೆ. ಬೇಕಂತಲೇ ತಡ ಮಾಡಿದರೆ ತಡವಾದ ಪ್ರತಿ ದಿನಕ್ಕೂ ಒಂದು ದಿನದ ಕೂಲಿ ದಂಡ, 30 ದಿನದವರೆಗೆ. ರಾಜ್ಯದ ಲೇಬರ್ ಕಮಿಷನರ್ ಕಚೇರಿಗೆ ದೂರು ಕೊಡಬಹುದು, ವಕೀಲರು ಬೇಕಿಲ್ಲ. ನಿಮ್ಮ ವೀಸಾ ಕಾಗದ ಹೇಗಿದೆ ಅನ್ನೋದರ ಮೇಲೆ ದುಡಿದ ಕೂಲಿಯ ಹಕ್ಕು ನಿಂತಿಲ್ಲ. ನಾನು ಪ್ರತಿ ದಿನದ ಗಂಟೆಯನ್ನು ಡೈರಿಯಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೆ. ತಿಂಗಳುಗಟ್ಟಲೆ ಕಾದೆ, ಆದರೆ ದುಡ್ಡು ಬಂತು. ನೀವೂ ಬರೆದಿಡಿ.

ಎರಡನೆಯದು, ನಮ್ಮ ಐಟಿಐ ಸರ್ಟಿಫಿಕೇಟು. ಅದು ನಮ್ಮ ಹೆಮ್ಮೆ, ಆದರೆ ಇಲ್ಲಿ ಅದೊಂದೇ ಸಾಲದು. ಎಲೆಕ್ಟ್ರಿಕಲ್ ಗುತ್ತಿಗೆಗೆ ಸಿ-10 ಲೈಸೆನ್ಸ್. ಅವರ ಕೈಕೆಳಗೆ ದುಡಿಯೋರಿಗೆ ರಾಜ್ಯದ ಎಲೆಕ್ಟ್ರಿಷಿಯನ್ ಕಾರ್ಡು. ಮನೆ ಕೆಲಸದ ಕಾರ್ಡಿಗೆ 4800 ಗಂಟೆ, ಎಲ್ಲ ಕೆಲಸದ ಕಾರ್ಡಿಗೆ 8000 ಗಂಟೆ ದುಡಿದು ಪರೀಕ್ಷೆ ಬರೀಬೇಕು. ಅಲ್ಲಿವರೆಗೆ ಟ್ರೈನಿ ಅಂತ ಹೆಸರು ಬರೆಸಿ, ಸಂಜೆ ತರಗತಿಗೆ ಹೋಗಬೇಕು. ವಾರಕ್ಕೆ 40 ಗಂಟೆಯಂತೆ 4800 ಗಂಟೆ ಅಂದರೆ 120 ವಾರ. ಮೂವತ್ತು ದಾಟಿದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತೆ, ನಾಚಿಕೆ ಆಗಲಿಲ್ಲ.

ಮೂರನೆಯದು, ಮನೆ ಕೊಂಡವರಿಗೆ. ಸಾಮಾನು-ಕೂಲಿ ಸೇರಿ ಸಾವಿರ ಡಾಲರಿಗೆ ಕಡಿಮೆಯ, ಪರ್ಮಿಟ್ ಬೇಡದ ಚಿಲ್ಲರೆ ಕೆಲಸವನ್ನು ಮಾತ್ರ ಲೈಸೆನ್ಸ್ ಇಲ್ಲದವರು ಮಾಡಬಹುದು. 2025ಕ್ಕೆ ಮುಂಚೆ ಆ ಮಿತಿ 500 ಇತ್ತು. ಬಾತ್‌ರೂಮು ಪೂರ್ತಿ ಒಡೆಯೋದು ಅದರಲ್ಲಿ ಬರೋದಿಲ್ಲ. ಮುಂಗಡವಾಗಿ ಗುತ್ತಿಗೆಯ ಶೇಕಡ 10 ಅಥವಾ 1000 ಡಾಲರ್, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲ. "ಪರ್ಮಿಟ್ ಬೇಡ ಬಿಡಿ, ಅಗ್ಗವಾಗುತ್ತೆ" ಅಂದರೆ ಏನು ಅಗ್ಗವಾಗ್ತಿದೆ ಅಂತ ಯೋಚಿಸಿ. ಪರ್ಮಿಟ್ ಅಂದರೆ ಗೋಡೆ ಮುಚ್ಚೋ ಮುಂಚೆ ಹೊರಗಿನ ಒಂದು ಜೊತೆ ಕಣ್ಣು.

ನಾಲ್ಕನೆಯದು, ಬಾಡಿಗೆಯವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ. ಇವತ್ತು ಮನೆಗೆ ಹೋದ ತಕ್ಷಣ ಬಾತ್‌ರೂಮಿನ ಸಾಕೆಟ್ಟಿನ ಟೆಸ್ಟ್ ಬಟನ್ ಒತ್ತಿ. "ಟಕ್" ಅಂತ ಆರಬೇಕು. ರಿಸೆಟ್ ಒತ್ತಿದರೆ ವಾಪಸ್ ಬರಬೇಕು. ಆರದಿದ್ದರೆ, ಬಟನ್ನೇ ಇಲ್ಲದಿದ್ದರೆ, ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ. ವೈರಿಂಗು, ನೀರಿನ ಪೈಪು ಸುಸ್ಥಿತಿಯಲ್ಲಿ ಇಡೋದು ಈ ರಾಜ್ಯದಲ್ಲಿ ಮಾಲೀಕರ ಹೊಣೆ.

ಮುಗಿಸ್ತೀನಿ, ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬರ್ತಿದೆ.

ಈಗ ನಾನು ಯಾವ ಗೋಡೆ ಮುಚ್ಚೋ ಮುಂಚೆಯೂ ಅಳತೆ ಟೇಪು ಹಿಡಿದು ಫೋಟೋ ತೆಗೀತೀನಿ. ಯಾವ ತಂತಿ ಎಲ್ಲಿ, ಯಾವ ಪೈಪು ಎಷ್ಟು ಎತ್ತರದಲ್ಲಿ, ಎಲ್ಲ ಕಾಣೋ ಹಾಗೆ. ಅದನ್ನು ಪ್ರಿಂಟ್ ಹಾಕಿಸಿ ಮನೆಯವರ ಕೈಗೆ ಕೊಡ್ತೀನಿ. ಆಮೇಲೆ ಅವರು "ಎಲ್ಲ ಸರಿಯಾಗಿದೆಯಾ?" ಅಂತ ಕೇಳಿದರೆ ಬಾಯಲ್ಲಿ ಹೌದು ಅನ್ನಬೇಕಾಗಿಲ್ಲ, ನೀವೇ ನೋಡಿಕೊಳ್ಳಿ ಅಂತೀನಿ.

ಅಂದಹಾಗೆ, ಬರುವಾಗ ಈ ಹಾಲಿನ ಬಾತ್‌ರೂಮಿಗೂ ಹೋಗಿ ಬಟನ್ ಒತ್ತಿ ಬಂದಿದ್ದೀನಿ. ಕೆಲಸ ಮಾಡ್ತಿದೆ. ಧೈರ್ಯವಾಗಿ ಕೈ ತೊಳೆದು ಊಟಕ್ಕೆ ಬನ್ನಿ.